ಒಂಬತ್ತನೆಯ ವಿಭಾಗ

ಹ್ಯಾಂಬರ್ಗಿನಿಂದ ಮತ್ತೆ ಮೇಲ್ ಬಂದಿದೆ:
ಹದಿನಾರು ವಿಭಾಗಗಳ ಸುರಕ್ಷತಾ ಪತ್ರ ಶುಕ್ರವಾರದೊಳಗೆ ಬೇಕು,
ಇಲ್ಲದಿದ್ದರೆ ನಮ್ಮ ನಲವತ್ತು ಪೆಟ್ಟಿಗೆ ಬಂದರಿನಲ್ಲೇ ಕೂರುತ್ತವೆ,
ಹೆಣ್ಣು ನೋಡಲು ಬಂದವರು
ಕಾಫಿ ಮುಟ್ಟದೆ ಕೂತ ಹಾಗೆ.

ಮಂಡಿ ಮೊಹಲ್ಲಾದ ಈ ಅಟ್ಟದ ಮೇಲೆ ನಾನು,
ಒಂದು ಕಂಪ್ಯೂಟರ್, ಎರಡನೇ ದರ್ಜೆಯ ಬಿ.ಎಸ್ಸಿ.
ಹಲಗೆ ಸಂದಿಯಲ್ಲಿ ಇಣುಕಿದರೆ ಕೆಳಗೆ
ಹನ್ನೊಂದು ಹೆಂಗಸರು ಮಣೆಯ ಮೇಲೆ ಕಡ್ಡಿ ಹೊಸೆಯುತ್ತಾರೆ,
ಅಂಗೈ ಇದ್ದಿಲು, ನಾಲಿಗೆ ಕೆಂಡ.

ಮೂರನೆಯ ವಿಭಾಗ: ಘಟಕಗಳು, ಶೇಕಡಾವಾರು.
ವಹೀದುದ್ದೀನ್ ಸಾಹೇಬರನ್ನು ಕೇಳಿದೆ.
ನಲವತ್ತೆರಡು ವರ್ಷ ಸುಗಂಧ ಬೆರೆಸಿದ ಕೈ.
ಲೆಕ್ಕವೆಲ್ಲ ಬನಿಯನ್ ಜೇಬಿನ ಪುಸ್ತಕದಲ್ಲಿ,
ಮಗನಿಗೂ ಓದಲಾಗದ ಉರ್ದುವಿನಲ್ಲಿ.
‘ಇದು ಎರಡು ಮುಚ್ಚಳ, ಅದು ಒಂದು ಮುಚ್ಚಳ,
ಮಳೆಗಾಲ ಆದ್ರೆ ಅರ್ಧ ಜಾಸ್ತಿ.’
ಮಳೆಗಾಲಕ್ಕೆ ಶೇಕಡಾ ಎಷ್ಟು, ಸಾಹೇಬರೇ?
ನಕ್ಕರು. ಬಾಯಿಗಿಂತ ಮೂಗು ಹೆಚ್ಚು ನಕ್ಕಿತು.

ಅಶೋಕ ರಸ್ತೆಯ ಅಕ್ಕಸಾಲಿಗರಿಂದ ತಕ್ಕಡಿ ಕಡ ತಂದು
ಮುಚ್ಚಳ ತೂಗಿದೆ: ನಾಲ್ಕು ಪಾಯಿಂಟ್ ಮೂರು ಗ್ರಾಂ.
ಹೀಗೆ ಒಂದೊಂದನ್ನೇ ತೂಗುತ್ತ
ಹೆಸರಿಲ್ಲದ ನೀಲಿ ಡಬ್ಬಿಗೆ ಬಂದೆ.
ಹಳೆಯ ಬಿಲ್ ಹುಡುಕಿ, ಸಂಖ್ಯೆ ಹುಡುಕಿ:
೮೧-೧೫-೨. ಮಸ್ಕ್ ಕ್ಸೈಲೀನ್.

‘ಇದು ಹೋಗೋದಿಲ್ಲ ಸಾಹೇಬರೇ.’
‘ಎಲ್ಲಿಗೆ?’
‘ಯುರೋಪಿಗೆ.’
ಓದಿದ್ದನ್ನು ಹೇಳಿದೆ:
ನೀರಿಗೆ ಸೇರಿದರೆ ಬೇಗ ಕರಗಿ ಹೋಗುವ ಜಾತಿಯಲ್ಲ ಇದು.
ಮೀನಿನ ಕೊಬ್ಬಿನಲ್ಲಿ ಕೂರುತ್ತದೆ,
ತಾಯಿಯ ಹಾಲಿನಲ್ಲೂ ಸಿಕ್ಕಿದೆಯಂತೆ.
ಅವರು ಡಬ್ಬಿ ತೆಗೆದರು, ಮೂಸಿದರು, ಮುಚ್ಚಿದರು.
ಬಹಳ ಹೊತ್ತಿನ ಮೇಲೆ
‘ಇಷ್ಟು ವರ್ಷ ಡಬ್ಬಿ ತೊಳೆದ ನೀರು ಎಲ್ಲಿಗೋಯ್ತು, ಮಗಳೇ?’
ಮೋರಿಗೆ, ಎಂದೆ.
ಮೋರಿ ಎಲ್ಲಿಗೆಂದು
ಇಬ್ಬರೂ ಹೇಳಲಿಲ್ಲ.

ಲೇಬಲ್ಲಿನ ಮಾದರಿ ಅಚ್ಚಾಗಿ ಬಂತು.
ಕೆಂಪು ಚೌಕಟ್ಟು, ಎಲೆಯಿಲ್ಲದ ಮರ, ಹೊಟ್ಟೆ ಮೇಲಾದ ಮೀನು.
‘ದೇವ್ರ ಮುಂದೆ ಹಚ್ಚೋದಕ್ಕೆ ಸತ್ ಮೀನ್ಯಾಕವ್ವ?’
ಕೆಂಪಾಜಮ್ಮ ಕೇಳಿದಳು.
ಅಲ್ಲಿ ಅವರು ಸ್ನಾನದ ಮನೆಯಲ್ಲಿ ಹಚ್ಚುತ್ತಾರಂತೆ, ಎಂದೆ.
ಹೊಸೆಯುವ ಮಣೆಗಳೆಲ್ಲ ಒಮ್ಮೆಗೇ ನಿಂತು
ಅರ್ಧ ಗಂಟೆಯ ಕೂಲಿ ನಗೆಯಲ್ಲಿ ಹೋಯಿತು.

ಎಂಟನೆಯ ವಿಭಾಗ: ಕೈಗವಸು ಧರಿಸುವುದು.
ಬರೆದೆ. ಬರೆದ ಮೇಲೆ
ಹಲಗೆ ಸಂದಿಯಲ್ಲಿ ಕಣ್ಣು ಜಾರಿತು.
ಮರುದಿನ ಎರಡು ಡಬ್ಬ ನೀಲಿ ಕೈಗವಸು ತಂದೆ,
ಯಜಮಾನರು ಬಿಲ್ಲು ನೋಡಿ ಕೆಮ್ಮಿದರು.
ಕೆಂಪಾಜಮ್ಮ ಒಂದು ಗಂಟೆ ತೊಟ್ಟು ಬಿಸಾಕಿದಳು:
‘ಕಡ್ಡಿ ಕೈಯ್ಯತ್ರ ಮಾತಾಡಕಿಲ್ಲ.
ಸಾವಿರಕ್ಕೆ ಇಷ್ಟು ಅಂತ ಕೊಡೋರು ನೀವು,
ಇದ್ರಲ್ಲಿ ಸಾವಿರ ಆಯ್ತದಾ?’
ಜಬೀನ್ ಮಾತ್ರ ಬಿಡಲಿಲ್ಲ.
ನಾಲ್ಕನೆಯ ದಿನ ಮೆಟ್ಟಿಲು ಹತ್ತಿ ಬಂದು
ಬೆರಳ ಸಂದಿ ಬಿಡಿಸಿ ತೋರಿಸಿದಳು.
ಕಡಿತ ನಿಂತಿದೆ.
ಒಂಬತ್ತು ವರ್ಷದಿಂದ ಅದು ತನ್ನ ರಕ್ತದ್ದೇ ದೋಷ
ಎಂದುಕೊಂಡಿದ್ದಳಂತೆ.

ಗುರುವಾರ ರಾತ್ರಿ. ಒಂಬತ್ತನೆಯ ವಿಭಾಗ.
ಸ್ಥಿತಿ: ಘನ. ಬಣ್ಣ: ಕಪ್ಪು.
ವಾಸನೆ:
ಒಂದು ಪದಕ್ಕಷ್ಟೇ ಜಾಗವಿರುವ ಖಾನೆ.
ಎಲ್ಲರೂ ಅಲ್ಲಿ ‘ವಿಶಿಷ್ಟ’ ಎಂದು ಬರೆಯುತ್ತಾರೆ.

ಸಾಹೇಬರು ಹೊಸ ಮಸ್ಕಿನ ಕಡ್ಡಿ ಹಚ್ಚಿ
ಕಣ್ಣು ಮುಚ್ಚಿ ಕೂತಿದ್ದರು.
‘ಬಾಗ್ಲವರ್ಗೂ ಬಂತು,’ ಅಂದರು,
‘ಒಳಗೆ ಬರಲಿಲ್ಲ.’
ನಾನು ‘ವಿಶಿಷ್ಟ’ ಎಂದು ಒತ್ತಿದೆ.
‘ಅಷ್ಟೇನಾ?’
ಅಷ್ಟೇ.

ಅವರು ಪುಸ್ತಕ ತೆಗೆದು ಹೊಸ ಹಾಳೆ ತಿರುವಿದರು.
ನನ್ನ ಪರದೆ ನೋಡಿ ನೋಡಿ
ಮೊದಲ ಸಲ ಗ್ರಾಂನಲ್ಲಿ ಬರೆದರು,
ಕೊನೆಗೆ ಅಂಚಿನಲ್ಲಿ ಸಣ್ಣಗೆ ಇನ್ನೇನೋ.
ಏನದು, ಎಂದೆ.
‘ಮಳೆಗಾಲ,’ ಅಂದರು.