ಚಹರೆಪಟ್ಟಿ, ೧೬೫೪

ಆ ಚಳಿಯಲ್ಲಿ ಕ್ಲಾನ್‌ಮೆಲ್ ಪೇಟೆಯ ಗುಮಾಸ್ತ
ಅವ್ವನಿಗೆ ತಲೆವಸ್ತ್ರ ಸರಿಸೆಂದ.
ಬರೆದುಕೊಂಡ:
ಗೋರಮ್ಲಾ, ವಿಧವೆ, ವಯಸ್ಸು ನಲವತ್ತು,
ನಡುತರ ಎತ್ತರ, ಕಂದು ಕೂದಲು,
ಹಸು ಮೂರು, ಕುದುರೆ ಒಂದು, ಕುಂಟು,
ಮಗಳು ಒಬ್ಬಳು.
ಅದು ನಾನು. ನನ್ನ ಕೂದಲ ಬಣ್ಣ
ಅವನಿಗೆ ಬೇಕಾಗಲಿಲ್ಲ.

ಬಾರ್ಲಿ ಗೇಣುದ್ದ ಎದ್ದಿತ್ತು.
ಮೇ ಒಂದರೊಳಗೆ ಶ್ಯಾನನ್ ದಾಟಬೇಕು,
ದಾಟದಿದ್ದರೆ ನೇಣು.
ಹೊರಟ ಬೆಳಿಗ್ಗೆ ಅವ್ವ
ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದಳು,
ಸಂಜೆಗೆ ಮರಳುವವಳ ಹಾಗೆ.
ನಾನು ಏನೂ ಅನ್ನಲಿಲ್ಲ.

ಹನ್ನೊಂದು ದಿನ. ಮಳೆ.
ಹಾದಿಯಲ್ಲೇ ಕರಿ ಹಸು ಕರು ಹಾಕಿತು.
ಕಾಗದದಲ್ಲಿಲ್ಲದ ಜೀವ,
ಎದ್ದು ನಿಲ್ಲಲು ನಾಲ್ಕು ಸಲ ಬಿತ್ತು.

ದೋಣಿಗಟ್ಟೆಯಲ್ಲಿ ಸಿಪಾಯಿ ಕಾಗದ ನೋಡಿದ,
ಅವ್ವನನ್ನು ನೋಡಿದ, ಮತ್ತೆ ಕಾಗದ.
‘ಇಲ್ಲಿ ಕಂದು ಅಂತಿದೆ.’
ಬಿಚ್ಚಿದ ತಲೆಯ ಮೇಲೆ ಪೂರಾ ಬೂದಿ ಬಣ್ಣ.
ಅವನ ಮಾತು ಅವಳಿಗೆ ಬರದು,
ಬೆರಳು ತೋರಿದ್ದು ತಿಳಿಯಿತು.
ನಕ್ಕಳು, ಆ ವರ್ಷದಲ್ಲಿ ಅದೊಂದೇ ಸಲ:
‘ನಿಮ್ಮ ಶಾಯಿ ಗಟ್ಟಿ ಬಿಡಪ್ಪ,
ಇನ್ನೂ ನರೆತಿಲ್ಲ.’

ನನಗೆ ಅವನ ಭಾಷೆ ಅಷ್ಟಿಷ್ಟು ಬರುತ್ತಿತ್ತು.
ತಿಳಿಸಿ ಹೇಳಲಿಲ್ಲ.
ಅವರಿಬ್ಬರ ತಕರಾರು ಮುಗಿಯುವಷ್ಟರಲ್ಲಿ
ಕರುವನ್ನು ಶಾಲಿನಲ್ಲಿ ಸುತ್ತಿ
ದೋಣಿಯ ತಳಕ್ಕೆ ಇಳಿಸಿದ್ದೆ,
ಕೂಗದಿರಲೆಂದು
ಬಾಯಿಗೆ ಎರಡು ಬೆರಳು ಕೊಟ್ಟು.

ಆಚೆ ದಡ ಬರೀ ಕಲ್ಲು.
ಹಾಲಿಲ್ಲವೆಂದು ತಿಳಿದೂ ಅದು
ಚೀಪುತ್ತಲೇ ಇತ್ತು.