ಉಪ್ಪಿನ ಲೆಕ್ಕ

ಲೊಡ್ವಾರಿನಾಚೆ, ತುರ್ಕ್ವೆಲ್ ಹೊಳೆಯ ಒಣಮರಳಿನ ದಂಡೆಗೆ
ನಮ್ಮ ಶಾಲೆ. ಅಡುಗೆ ನಕಿರುವಿನದು.
ಉಗ್ರಾಣದ ಬೀಗ, ಮೊಬೈಲು, ಲೆಕ್ಕದ ಪುಸ್ತಕ ನನ್ನವು.

ಟಿಣ್ ಅನ್ನುತ್ತದೆ ಫೋನು:
ನಕುರುವಿನ ಬಸ್ ಕಂಡಕ್ಟರ್, ಐವತ್ತು ಶಿಲಿಂಗು.
ಟಿಣ್. ಮೊಂಬಾಸಾದಲ್ಲಿ ಮೀನು ಹುರಿಯುವಾಕೆ, ಮೂವತ್ತು.
ಓಸ್ಲೋದಿಂದ ಯಾರೋ, ತಿಂಗಳ ಒಂದನೇ ತಾರೀಕು ತಪ್ಪಿಸದೆ,
ಮೂರು ವರ್ಷವಾಯಿತು, ಹೆಸರು ಹೇಳಿಲ್ಲ.
ಕೂಡುತ್ತೇನೆ. ಜೋಳ ಒಂದು ಮೂಟೆ, ಬೀನ್ಸ್ ಅರ್ಧ,
ಸೌದೆಗಿಷ್ಟು,
ಕತ್ತೆಯ ಮೇಲೆ ನೀರು ತರುವ ಲೊಕ್ವಾಂಗನಿಗಿಷ್ಟು.

ಕಳೆದ ಗುರುವಾರ ಬಂದದ್ದು ಬರೀ ಹತ್ತು.
ನಗು ಬಂತು. ಬೆರಳು ಜಾರಿ
ಸೊನ್ನೆಯೊಂದು ಬಿಟ್ಟುಹೋಯಿತೇನೋ ಪಾಪ.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದುಕೊಂಡು
ಪುಸ್ತಕ ಮುಚ್ಚುವಷ್ಟರಲ್ಲಿ
ಬಾಗಿಲಲ್ಲಿ ನಕಿರು, ಕೈ ಒರೆಸಿಕೊಳ್ಳುತ್ತ:
"ಮೇಷ್ಟ್ರೇ, ಉಪ್ಪು ಮುಗಿದಿದೆ."

ಅವತ್ತು ಇನ್ನೂರ ಹನ್ನೊಂದು ಮಕ್ಕಳು
ತಟ್ಟೆ ನೆಕ್ಕಿದರು.
ಎರಡನೇ ಸಲಕ್ಕೆ ಸಾಲು ನಿಂತವರಲ್ಲಿ
ಮೊನ್ನೆಯವರೆಗೆ ಅಲುಗದೆ ಕೂರುತ್ತಿದ್ದ ಎಕಿರುವೂ ಇದ್ದ,
ಮುಂದಿನವನನ್ನು ಮೊಣಕೈಯಿಂದ ತಿವಿಯುತ್ತ.

ಬಡತನ ಎಲ್ಲಿಗೂ ಹೋಗಲಿಲ್ಲ.
ಆಡು ಮೇಯಿಸಲು ಹೋದ ಅಸೆಕೊನ್‌ಳ ಜಾಗ
ಬೆಂಚಿನಲ್ಲಿ ಹಾಗೇ ಖಾಲಿ.
ಅವಳಮ್ಮನನ್ನು ಕಾಣಲು ನಾಡಿದ್ದು ನಡೆಯಬೇಕು, ಹದಿನಾಲ್ಕು ಕಿಲೋಮೀಟರು.

ರಾತ್ರಿ ಲಾಟೀನಿನಡಿ ಮತ್ತೆ ಪುಸ್ತಕ ತೆರೆದೆ.
ಕಳಿಸಿದವರು: ಗೊತ್ತಿಲ್ಲ.
ಮೊತ್ತ: ಹತ್ತು.
ಯಾವ ಮಗುವಿಗೆ ಎಂಬ ಕಡೆ
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಉಪ್ಪನ್ನು ಹೇಗೆ ಭಾಗ ಮಾಡುವುದು?
ಒಂದನೇ ಹೆಸರಿನಿಂದ ಕೊನೆಯ ಹೆಸರಿನವರೆಗೆ
ಉದ್ದಕ್ಕೂ ಒಂದು ಗೀಟು ಎಳೆದೆ.
ಅಸೆಕೊನ್‌ಳ ಹೆಸರನ್ನೂ ಬಿಡಲಿಲ್ಲ.