ಕಾಲು

ವಾಲ್ಪರೈಸೊದಲ್ಲಿ ಗುಡ್ಡ ಹತ್ತುವ ಹಳಿಬಂಡಿಗೆ
ಇಪ್ಪತ್ತೊಂಬತ್ತು ವರ್ಷ ಸನ್ನೆ ಎಳೆಯುತ್ತ ಕೂತಿದ್ದವನು
ಎವಾರಿಸ್ತೊ ಓಯಾರ್ಸುನ್.
ಊರನ್ನೆಲ್ಲ ಮೇಲೆತ್ತಿದ, ಊರನ್ನೆಲ್ಲ ಕೆಳಗಿಳಿಸಿದ,
ತಾನು ಕುರ್ಚಿ ಬಿಟ್ಟು ಕದಲಲಿಲ್ಲ.
ಹಳಿಯ ಮಗ್ಗುಲಲ್ಲೇ ನೂರಾ ಎಪ್ಪತ್ತೆರಡು ಮೆಟ್ಟಿಲು.
ಅವನಿಗದು ಕಿಟಕಿಯಾಚೆಯ ಚಿತ್ರ.

ನನ್ನ ಅಂಗಡಿ ಮೂವತ್ತೆಂಟನೆಯ ಮೆಟ್ಟಿಲಲ್ಲಿ.
ರೊಟ್ಟಿ, ಈರುಳ್ಳಿ, ಬೆಂಕಿಪೊಟ್ಟಣ, ಸಾಲದ ಪುಸ್ತಕ.
ಅವನ ರೊಟ್ಟಿಯನ್ನು ಕೆಳಗೆ ಮುಟ್ಟಿಸುತ್ತಿದ್ದದ್ದು
ನನ್ನ ತಂಗಿಯ ಮಗ ನೆಲ್ಸನ್.

ನಿವೃತ್ತಿಯ ಮರುವರ್ಷ ಆಸ್ಪತ್ರೆಯಲ್ಲಿ ಏನಂದರೋ,
ಒಂದು ಸೋಮವಾರ ಹೊಸ ಬೂಟು ಹಾಕಿ
ಸೈನ್ಯ ನುಗ್ಗಿದ ಹಾಗೆ ನುಗ್ಗಿದ.
ಹೊಟ್ಟೆಯಲ್ಲಿ ನಾಲ್ಕು ಸೊಪ್ಪಿನೆಲೆ, ಅಷ್ಟೇ.
ಅರವತ್ತನೆಯ ಮೆಟ್ಟಿಲಲ್ಲಿ ಕಣ್ಣು ಕತ್ತಲಿಟ್ಟು ಕೂತ.
ಬಂಡಿಯಲ್ಲೇ ಇಳಿಸಿದೆವು, ಪಾಪ,
ಅವನ ಕುರ್ಚಿಯಲ್ಲಿ ಕೂತಿದ್ದ ಹೊಸ ಹುಡುಗ
ಟಿಕೆಟ್ಟು ಕೇಳಲಿಲ್ಲ.
ಬೂಟು ಮೂರು ವಾರ ಬಾಗಿಲ ಹಿಂದೆ.

ಆಮೇಲೊಂದು ದಿನ ನೆಲ್ಸನ್ ಬಂದು ಹೇಳಿದ:
ಮುದುಕ ರೊಟ್ಟಿಗೆ ಹಳದಿ ಬಾಗಿಲ ತನಕ ಬರ್ತಾನಂತೆ.
ಹಳದಿ ಬಾಗಿಲು ಎಂದರೆ ಹನ್ನೊಂದನೆಯ ಮೆಟ್ಟಿಲು.
ಹನ್ನೊಂದೇ? ಅಂದೆ.
ಹನ್ನೊಂದೇ.

ಹತ್ತು ದಿನ ಹಳದಿ ಬಾಗಿಲು.
ಆಮೇಲೆ ಕುಂಟ ನಾಯಿ ಮಲಗುವ ಕಟ್ಟೆ.
ಆಮೇಲೆ ಯಾರೋ ಗೋಡೆಗೆ ಬರೆದ ನೀಲಿ ತಿಮಿಂಗಿಲದ ಬಾಲ,
ಮುಂದಿನ ತಿಂಗಳು ತಿಮಿಂಗಿಲದ ಕಣ್ಣು.
ಅವನ ಮೆಟ್ಟಿಲು ಒಂದೊಂದೇ ಹೆಚ್ಚಿದ ಹಾಗೆ
ನೆಲ್ಸನ್‌ನ ಮೆಟ್ಟಿಲು ಒಂದೊಂದೇ ಕಡಿಮೆಯಾಗಿ
ಹುಡುಗ ಸೋಮಾರಿಯಾದನೆಂದು ನನಗೆ ಸಿಟ್ಟು.

ಕೊನೆಗೊಂದು ಬೆಳಿಗ್ಗೆ ತಕ್ಕಡಿಯ ಮುಂದೆ ಅವನೇ ನಿಂತಿದ್ದ,
ಬಾಗಿಲ ಚೌಕಟ್ಟು ಹಿಡಿದು, ಉಸಿರು ಹುಡುಕುತ್ತ.
ನಮ್ಮೂರ ಮರಾಕೇತ ರೊಟ್ಟಿ
ಒಲೆಯಲ್ಲೇ ನಾಲ್ಕು ಪಾಲಾಗಿ ಬಿರಿದಿರುತ್ತದೆ.
ಕಾಲು ಮುರಿದುಕೊ, ಅಂದ.
ಮೆಟ್ಟಿಲು ಹತ್ತಿ ಬಂದವನ ಬಾಯಲ್ಲಿ ಇದೆಂಥ ಮಾತು!
ಒಂದು ಕಾಲು ನೀನಿಟ್ಟುಕೊ, ಮುಕ್ಕಾಲು ನನಗೆ.
ದುಡ್ಡು ಇಡೀ ರೊಟ್ಟಿಯದೇ ತಗೊ.

ಚಹಾಕ್ಕೆ ಸಕ್ಕರೆ ಬಿಟ್ಟೆಯಾ, ಕೇಳಿದೆ.
ಇಲ್ಲ. ಮೂರು ಚಮಚ ಮೂರೇ.
ಗೋಪುರ ಮಾತ್ರ ಚಾಕುವಿನಿಂದ ಸವರಿ ತೆಗೀತೀನಿ.
ನಾಲಿಗೆಗೆ ಇನ್ನೂ ಗೊತ್ತಾಗಿಲ್ಲ, ಹೇಳಬೇಡ.

ಸೆಪ್ಟೆಂಬರಿನ ಹಬ್ಬ ಬಂತು.
ಆಕಾಶದ ತುಂಬ ಗಾಳಿಪಟ, ಬೀದಿಯ ತುಂಬ ಸುಟ್ಟ ಮಾಂಸದ ಹೊಗೆ.
ಒಂಬತ್ತು ದಿನ ಅವನ ಸುಳಿವಿಲ್ಲ.
ಏಳು ಎಂಪನಾಡ ಒಂದೇ ಕೂತಿಗೆ ಮುಗಿಸಿದನೆಂದು
ನೆಲ್ಸನ್ ತಂದ ವರದಿ.
ಮುಗಿಯಿತು ಅಂದುಕೊಂಡೆ,
ಅಂದುಕೊಂಡದ್ದರಲ್ಲಿ ಸಣ್ಣ ಸಮಾಧಾನವೂ ಇತ್ತು, ಸುಳ್ಳೇಕೆ.

ಹತ್ತನೆಯ ದಿನ ಇಣುಕಿದರೆ
ಕುಂಟ ನಾಯಿಯ ಕಟ್ಟೆಯ ಮೇಲೆ ಕೂತಿದ್ದಾನೆ,
ನಾಯಿಗೂ ಅವನಿಗೂ ಏನೋ ಲೆಕ್ಕ ನಡೆದಿದೆ.
ಮತ್ತೆ ಮೊದಲಿಂದಲಾ? ಕೂಗಿದೆ.
ಕೆಳಗಿಂದ ಕೂಗಿದ:
ಮೊದಲಿಂದಲ್ಲ, ನಾಯಿಯಿಂದ!

ಈಗ ನೂರಾ ಮೂವತ್ತೊಂದಕ್ಕೆ ಬಂದಿದ್ದಾನೆ.
ಅಲ್ಲಿಂದ ಬಂದರಿನ ಕ್ರೇನುಗಳು ಕಾಣುತ್ತವಂತೆ,
ಹಡಗಿನ ಹೆಸರು ಓದಲು ಕನ್ನಡಕ ಬೇಕಂತೆ.
ಉಳಿದ ನಲವತ್ತೊಂದು?
ಸಿಮೆಂಟಿನವು, ಎಲ್ಲಿಗೆ ಓಡುತ್ತವೆ, ಅನ್ನುತ್ತಾನೆ.
ತೂಕ ಎಷ್ಟಿಳಿಯಿತೆಂದು ನಾನು ಕೇಳಿಲ್ಲ.
ಬೂಟಿನ ದಾರ ಮಾತ್ರ ಈಗ
ನಿಂತಲ್ಲೇ ಬಾಗಿ ಕಟ್ಟಿಕೊಳ್ಳುತ್ತಾನೆ.

ಅವನು ಬಿಟ್ಟುಹೋದ ಕಾಲು ರೊಟ್ಟಿಯನ್ನು
ದಿನಾ ಬೆಣ್ಣೆ ಸವರಿ ತಿಂದವಳು ನಾನು.
ಏಪ್ರನ್ನಿನ ಲಾಡಿ ಹಿಂದೆ ಗಂಟಿಗೆ ಸಾಲುತ್ತಿಲ್ಲ.
ನಾಳೆ ಅಂಗಡಿ ಮುಚ್ಚಿದ ಮೇಲೆ,
ಯಾರೂ ನೋಡದಿದ್ದರೆ,
ಹಳದಿ ಬಾಗಿಲ ತನಕ ಇಳಿದು
ಹತ್ತಿ ಬರಬೇಕು.